ಕುಸಿದ ಬರೆಗೆ ಬರೀ ಸಸಿ ಸಾಲದು

ಗುಡ್ಡ ಕುಸಿದಾಗ ಹೋದ ಜೀವ, ಮನೆ, ರಸ್ತೆ, ತೋಟಗಳ ಲೆಕ್ಕ ಸರ್ಕಾರದ ಕಡತ ಸೇರುತ್ತದೆ. ಮೇಲ್ಮಣ್ಣಿನ ಜೊತೆ ಕೊಚ್ಚಿಹೋದ ಜೀವರಾಶಿಯನ್ನು ಯಾರೂ ಬರೆದಿಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಬರೆ ಜಾರಿದಲ್ಲೆಲ್ಲ ಹೊರಬಿದ್ದದ್ದು ಕೆಂಪು ಒಳಮಣ್ಣು. ಇಂಥ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ. ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಬೇರಿಗೆ ದಕ್ಕುವುದಿಲ್ಲ. ಆದ್ದರಿಂದ ಕುಸಿದ ಜಾಗದಲ್ಲಿ ಹಸಿರು ಮರಳಿಸುವ ಯಾವುದೇ ಯೋಜನೆ ಮಣ್ಣಿನ ಸೂಕ್ಷ್ಮಜೀವಿಗಳಿಂದ ಶುರುವಾಗಬೇಕು, ಅದಕ್ಕೆಂದೇ ಹಣ ತೆಗೆದಿಡಬೇಕು.

ಇದಕ್ಕೆ ಆಧಾರ ಹಿಮಾಲಯದಲ್ಲೇ ಇದೆ. ಪೂರ್ವ ಹಿಮಾಲಯದ ಕುಸಿದ ಇಳಿಜಾರುಗಳಲ್ಲಿ ಮೊದಲು ತಲೆಯೆತ್ತುವ ಮರಗಳಲ್ಲಿ ಆಲ್ಡರ್ ಒಂದು. ಅದರ ಬೇರುಗಂಟುಗಳಲ್ಲಿರುವ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ನಾಗಾಲ್ಯಾಂಡಿನ ಖೊನೋಮಾದ ರೈತರು ತಲೆಮಾರುಗಳಿಂದ ಈ ಮರವನ್ನು ಹೊಲದಲ್ಲೇ ಉಳಿಸಿಕೊಂಡು ಬಂದಿದ್ದಾರೆ. ರಂಜಕದ ಕೆಲಸ ಬೇರಿನ ಶಿಲೀಂಧ್ರಗಳದ್ದು: ಬೇರು ತಲುಪಲಾಗದ ಕಡೆಗೆ ಅವುಗಳ ಎಳೆಗಳು ಚಾಚಿ ರಂಜಕ ತರುತ್ತವೆ, ಜೊತೆಗೆ ಮಣ್ಣಿನ ಕಣಗಳನ್ನು ಹೆಣೆದು ಹೆಂಟೆ ಕಟ್ಟುತ್ತವೆ. ಇನ್ನೂ ದೊಡ್ಡ ಸಾಕ್ಷ್ಯ ಅಮೆರಿಕದ್ದು. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಉತ್ತರದ ಮೈ ಪೂರಾ ಕುಸಿದು, ಅದರ ಮೇಲೆ ಬೆಂಕಿಬೂದಿ ಹರಡಿತು. ಆ ಬಯಲಿನಲ್ಲಿ ಮೊದಲು ನೆಲೆಯೂರಿದ್ದು ಸಾರಜನಕ ಹಿಡಿಯುವ ಲೂಪಿನ್. 1983ರಲ್ಲಿ ವಿಜ್ಞಾನಿಗಳು ಗೋಫರ್ ಎಂಬ ಬಿಲ ತೋಡುವ ಪ್ರಾಣಿಗಳನ್ನು ಒಂದೇ ಒಂದು ದಿನ ಅಲ್ಲಿ ಬಿಟ್ಟರು. ಅವು ಅಡಿಯ ಹಳೆಯ ಮಣ್ಣನ್ನು, ಅದರೊಡನೆ ಶಿಲೀಂಧ್ರಗಳನ್ನು ಮೇಲೆ ತಂದವು. ಅದರ ಪರಿಣಾಮ ದಶಕಗಳ ನಂತರವೂ ಅಲ್ಲಿನ ಮಣ್ಣಿನಲ್ಲಿ ಕಾಣುತ್ತಿದೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದು ದಿನದ ಕೆಲಸಕ್ಕೆ ಅಷ್ಟು ದೀರ್ಘ ಫಲ!

ಸೂಕ್ಷ್ಮಜೀವಿಗಳು ಗುಡ್ಡವನ್ನು ಹಿಡಿದು ನಿಲ್ಲಿಸುತ್ತವೆಯೇ ಎಂದು ಎಂಜಿನಿಯರುಗಳು ಕೇಳಬಹುದು. ಇಲ್ಲ. ಬೇರಿಗೂ ಎಟುಕದ ಆಳದಲ್ಲಿ ಜಾರುವ ಬರೆಗೆ ನೀರು ಬಸಿಯುವ ದಾರಿ ಬೇಕು, ಅಡ್ಡಾದಿಡ್ಡಿ ಗುಡ್ಡ ಕೊರೆಯುವುದು ನಿಲ್ಲಬೇಕು. ಆದರೆ ಕುಸಿದ ಮೇಲೆ ಪ್ರತಿ ಮಳೆಗಾಲ ಕೊರಕಲು ಕೊರೆದು ಹೊಳೆ ತುಂಬಿಸುವ ಹೂಳನ್ನು ತಡೆಯುವುದು ಮೇಲ್ಪದರವೇ. ಕಾಡು ತಾನಾಗಿ ಬೆಳೆಯುತ್ತದೆ, ಬಿಟ್ಟುಬಿಡಿ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಪಕ್ಕದಲ್ಲೇ ಕಾಡಿರುವ ಸಣ್ಣ ಕುಸಿತಗಳನ್ನು ಹಾಗೇ ಬಿಡುವುದು ಲೇಸು. ಆದರೆ ಬೋಳು ಜಾಗ ಯಾವಾಗಲೂ ಕಾಡಿಗಾಗಿ ಕಾಯುವುದಿಲ್ಲ. ಪೋರ್ಟೊರಿಕೊದ ಲುಕಿಯೊ ಬೆಟ್ಟಗಳ ಕುಸಿತಗಳಲ್ಲಿ ಜರಿಗಿಡದ ದಟ್ಟ ಪೊದೆ ಮರದ ಸಸಿಗಳನ್ನು ವರ್ಷಗಟ್ಟಲೆ ಮೇಲೇಳಗೊಡಲಿಲ್ಲ. ಅಕೇಶಿಯಾ ಬೇಗ ಬೆಳೆಯುತ್ತದಲ್ಲ, ಅದೂ ಸಾರಜನಕ ಹಿಡಿಯುತ್ತದಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ಅದರ ತರಗೆಲೆ ಬೇಗ ಕೊಳೆಯದು. ಅದೇ ಕೆಲಸಕ್ಕೆ ಕಾಫಿ ತೋಟದ ಹಾಲುವಾಣ ಇದೆ, ಗೊಬ್ಬರದ ಗಿಡ ಇದೆ.

ಅಂಗಡಿಯ ಜೈವಿಕ ಗೊಬ್ಬರದ ಪೊಟ್ಟಣ ಸುರಿದರೆ ಮುಗಿಯಿತು ಎಂದುಕೊಳ್ಳುವಂತೆಯೂ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಮತ್ತು ಸಂಗಡಿಗರು ಒಂದೊಂದು ಬೆಳೆಗೂ ಮರಕ್ಕೂ ಹೊಂದುವ ಶಿಲೀಂಧ್ರವನ್ನು ದಶಕಗಳ ಕಾಲ ಬೇರೆ ಬೇರೆಯಾಗಿ ಪರೀಕ್ಷಿಸಿದ್ದು ಸುಮ್ಮನೆ ಅಲ್ಲ. ಆ ತಿಳಿವಳಿಕೆ ಅರಣ್ಯ ಇಲಾಖೆಯ ನರ್ಸರಿಗೆ ಇಳಿಯಬೇಕು: ಸಸಿಯ ಚೀಲ ತುಂಬುವಾಗಲೇ ಅದೇ ಊರಿನ ಕಾಡಿನ ಒಂದು ಹಿಡಿ ಮಣ್ಣು ಬೆರೆಯಲಿ. ಗುತ್ತಿಗೆದಾರರ ಬಿಲ್ಲಿನ ಒಂದು ಪಾಲನ್ನು ಎರಡನೇ ಮಳೆಗಾಲದವರೆಗೆ ತಡೆಹಿಡಿದು, ನೆಟ್ಟ ಸಸಿಗಳ ಬದಲು ಬದುಕಿದ ಸಸಿಗಳನ್ನು ಎಣಿಸಿ ಪಾವತಿಸಲಿ.