ಬುದ್ಧಿ ಹೇಳುವ ಮುನ್ನ ಕಿವಿಗೊಡಿರಿ

ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ರಾಮಾನುಜಾಚಾರ್ಯರು, ಗುರುವಿನಿಂದ ಪಡೆದ ರಹಸ್ಯ ಮಂತ್ರವನ್ನು ತಿರುಕೋಷ್ಟಿಯೂರಿನ ಗೋಪುರವೇರಿ ಸರ್ವರಿಗೂ ಸಾರಿದರೆಂದು ಪರಂಪರೆ ಹೇಳುತ್ತದೆ. ಎತ್ತರದಲ್ಲಿ ನಿಂತು ಸಾರುವುದು ಆಚಾರ್ಯರಿಗೆ ಒಪ್ಪುವ ಕಾರ್ಯ. ನೊಂದವರ ಎದುರು ಕುಳಿತವರು ಅದನ್ನೇ ಅನುಕರಿಸಿದರೆ ಮಾತ್ರ ಅನಾಹುತ. ಆಪ್ತಸಮಾಲೋಚನೆಯ ಹೆಸರಿನಲ್ಲಿ ಇಂದು ಎಷ್ಟೋ ಕಡೆ ನಡೆಯುತ್ತಿರುವುದು ಇಂಥ ಗೋಪುರದ ಉಪದೇಶವೇ.

ತಪ್ಪು ಪದದಿಂದಲೇ ಆರಂಭವಾಗುತ್ತದೆ. ‘ಆಪ್ತಸಲಹೆ’ ಎಂದೊಡನೆ ಕೊಡುವವನೊಬ್ಬ, ಪಡೆಯುವವನೊಬ್ಬ ಎಂದಾಗುತ್ತದೆ. ‘ಸಮಾಲೋಚನೆ’ ಎಂಬುದಾದರೋ ಕೂಡಿ ಆಲೋಚಿಸುವುದನ್ನು ಸೂಚಿಸುತ್ತದೆ. ನಾವು ಎರಡನೆಯ ಪದವನ್ನು ಫಲಕದ ಮೇಲೆ ಬರೆದು, ಮೊದಲನೆಯದನ್ನೇ ಆಚರಿಸುತ್ತಿದ್ದೇವೆ.

ಮೇಲುಕೋಟೆಯ ಬೆಟ್ಟದಿಂದಿಳಿದರೆ ಕಬ್ಬಿನ ಸೀಮೆ. 2015ರಲ್ಲಿ ಬೆಲೆ ಕುಸಿದು, ಕಾರ್ಖಾನೆಗಳ ಬಾಕಿ ಬಾರದೆ, ಸಾಲ ಬೆಳೆದು ಮಂಡ್ಯ ಜಿಲ್ಲೆಯ ಹಲವು ರೈತರು ಆತ್ಮಹತ್ಯೆ ಮಾಡಿಕೊಂಡರು. ಅಂಥ ಸೀಮೆಯ ರೈತನೊಬ್ಬ “ಸಾಕಾಗೋಗೈತೆ ಸ್ವಾಮಿ” ಎಂದರೆ ನಮ್ಮ ಉತ್ತರವೇನು? “ಹಾಗೆಲ್ಲ ಅನ್ನಬಾರದಪ್ಪ, ಹೆಂಡತಿ ಮಕ್ಕಳನ್ನು ನೆನೆದುಕೋ, ಧೈರ್ಯ ತಂದುಕೋ.” ಸಾಂತ್ವನದಂತೆ ಕೇಳುವ ಈ ಮಾತು ಬಾಗಿಲಿಗೆ ಅಗಳಿ ಹಾಕುತ್ತದೆ. ಆತ ತಲೆಯಾಡಿಸಿ ಎದ್ದು ಹೋಗುತ್ತಾನೆ. ಹೇಳಬೇಕಾದದ್ದು ಅವನೊಳಗೇ ಉಳಿಯುತ್ತದೆ.

ಬಲ್ಲವರು “ಏನು ಸಾಕಾಗಿದೆ, ಹೇಳಿ” ಎಂದು ಕೇಳಿ ಸುಮ್ಮನಾಗುತ್ತಾರೆ. ಮೌನವನ್ನು ತಮ್ಮ ಮಾತಿನಿಂದ ತುಂಬುವುದಿಲ್ಲ. ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿ, ಸರಿಯಾಗಿ ಅರ್ಥವಾಯಿತೇ ಎಂದು ವಿಚಾರಿಸುತ್ತಾರೆ. “ಏಕೆ ಸಾಲ ಮಾಡಿದಿರಿ?” ಎಂಬ ಪಾಟೀಸವಾಲಿಗೆ ಅಲ್ಲಿ ಎಡೆಯಿಲ್ಲ. ಸಂಶಯ ಬಂದಾಗ “ಸಾಯುವ ಯೋಚನೆ ಬಂದಿದೆಯೇ?” ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೇಳಿದ್ದನ್ನು ಊರಿಗೆ ಸಾರುವುದಿಲ್ಲ. ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ ಕಾಪಾಡಬಲ್ಲವರಿಗೆ ತಿಳಿಸುತ್ತಾರೆ.

ಇದು ಹುಟ್ಟುಗುಣವಲ್ಲ, ಕಲಿಯಬೇಕಾದ ವಿದ್ಯೆ. ಅಮೆರಿಕದ ಕಾರ್ಲ್ ರೋಜರ್ಸ್ ದೇವಶಾಸ್ತ್ರದ ವ್ಯಾಸಂಗ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದವರು. ಸಮಾಲೋಚನೆಯ ಮಾತುಕತೆಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರು. ತಾನೆಷ್ಟು ಮಾತಾಡಿದೆ, ಎಷ್ಟು ಬಾರಿ ಅಡ್ಡ ಬಂದೆ ಎಂಬುದನ್ನು ಕಲಿಯುವವನು ತನ್ನ ಕಿವಿಯಿಂದಲೇ ಕೇಳಬೇಕು. ಎರಡು ದಿನದ ಶಿಬಿರದಲ್ಲಿ ಭಾಷಣ ಕೇಳಿಸಿ, ಊಟ ಹಾಕಿಸಿ, ಪ್ರಮಾಣಪತ್ರ ಹಂಚುವವರು ಯಾವ ವಿದ್ಯೆಯನ್ನು ಪ್ರಮಾಣೀಕರಿಸುತ್ತಿದ್ದಾರೆ? ಕೇಳುವುದನ್ನು ಭಾಷಣದಿಂದ ಕಲಿಸುವುದು ದಡದಲ್ಲಿ ಕೂರಿಸಿ ಈಜು ಕಲಿಸಿದಂತೆ.

ಕಾನೂನು ಕೂಡ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಒಮ್ಮೆ ಅಪರಾಧಿಗಳೆಂದು ಕಾಣಲಾಗುತ್ತಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ನಮ್ಮ ನಾಲಗೆಗಳು ಮಾತ್ರ ಇನ್ನೂ ತೀರ್ಪು ಕೊಡುತ್ತಲೇ ಇವೆ.

“ಕೇಳಿಸಿಕೊಂಡರೆ ಸಾಲ ತೀರುವುದೇ?” ಎಂದು ಆಕ್ಷೇಪಿಸುವವರಿದ್ದಾರೆ. ತೀರುವುದಿಲ್ಲ. ಕಾರ್ಖಾನೆಯ ಬಾಕಿಗೆ ಸಮಾಲೋಚನೆ ಬದಲಿಯಲ್ಲ. ಬಾಕಿ ಕೊಡದೆ ‘ಮನೋಸ್ಥೈರ್ಯ’ ಬೋಧಿಸುವುದು ಕ್ರೌರ್ಯವೇ ಸರಿ. ಆದರೆ ಪೂರ್ತಿ ಕೇಳದವನಿಗೆ, ಎದುರಿಗಿರುವವನು ಹೋಗಬೇಕಾದದ್ದು ಬ್ಯಾಂಕಿಗೋ ವೈದ್ಯರ ಬಳಿಗೋ ಎಂಬುದೂ ತಿಳಿಯದು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾತನಾಡಬಹುದು. ಆ ಸಂಖ್ಯೆ ಪ್ರತಿ ಪಂಚಾಯಿತಿಯ ಗೋಡೆಯ ಮೇಲಿರಲಿ. ಆದರೆ ಫೋನು ಹಿಡಿಯುವ ಮುನ್ನ ನೊಂದವನು ನೋಡುವುದು ಪಕ್ಕದಲ್ಲಿರುವವರ ಮುಖವನ್ನು. ಅವನ ಮೊದಲ ವಾಕ್ಯ ಮುಗಿಯುವವರೆಗಾದರೂ ಗುರುಗಳು, ಶಿಕ್ಷಕರು, ಅಧಿಕಾರಿಗಳು ಬಾಯಿ ಮುಚ್ಚಿಕೊಂಡಿರಲಿ. ಅಷ್ಟೂ ಆಗದವರು ಸಮಾಲೋಚಕರೆಂಬ ಫಲಕವನ್ನು ಇಂದೇ ಇಳಿಸಲಿ.