ಲೋಕಕ್ಕೋಸ್ಕರ ಪ್ರಾರ್ಥಿಸುವ ಹೊಣೆ

ಪ್ರಾರ್ಥನೆಯೆಂದರೆ ಬೇಡಿಕೆಯೆಂದೇ ಅನೇಕರ ತಿಳಿವಳಿಕೆ. ಪರೀಕ್ಷೆ ಸಮೀಪಿಸಿದಾಗ ಮಕ್ಕಳೂ, ರೋಗವು ಮನೆಯನ್ನು ಹೊಕ್ಕಾಗ ಹಿರಿಯರೂ ದೇವರನ್ನು ಮೊರೆಯಿಡುವರು. ಇದು ಸಹಜ, ದೋಷವೂ ಅಲ್ಲ. ಆದರೆ ಸ್ವಂತ ಮನೆಯ ಹೊಸ್ತಿಲನ್ನು ದಾಟದ ಪ್ರಾರ್ಥನೆಯು ಕ್ರೈಸ್ತಸಭೆಗೆ ಸಾಲದೆಂದು ನಾವು ಹೇಳುವೆವು. ಲೋಕಕ್ಕೋಸ್ಕರ ವಿಜ್ಞಾಪಿಸುವುದು ಬಿಡುವಾದಾಗ ಮಾಡತಕ್ಕ ಪುಣ್ಯಕಾರ್ಯವಲ್ಲ. ಅದು ಸಭೆಗೆ ಒಪ್ಪಿಸಲ್ಪಟ್ಟಿರುವ ಸೇವೆ.

ಸತ್ಯವೇದವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡುವುದಿಲ್ಲ. ಅಬ್ರಹಾಮನು ದುಷ್ಟತನಕ್ಕೆ ಹೆಸರಾದ ಸೊದೋಮ್ ಪಟ್ಟಣದ ಪರವಾಗಿ ದೇವರೊಡನೆ ವಾದಿಸಿದನು. ಯೆರೆಮೀಯನು, ಸೆರೆಯಾಗಿ ಹೋದ ತನ್ನ ಜನರಿಗೆ, ಅವರನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂದು ಬರೆದನು. ಪೌಲನು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಎಲ್ಲಾ ಮನುಷ್ಯರನ್ನೂ ಸೇರಿಸಿದನು. ಅರಸರನ್ನೂ ಅಧಿಕಾರಿಗಳನ್ನೂ ಬಿಡಲಿಲ್ಲ. ನಮ್ಮವರು, ಪರರು ಎಂಬ ಗೆರೆಯನ್ನು ಇವರಾರೂ ಎಳೆಯಲಿಲ್ಲ.

ಇಂಥ ಪ್ರಾರ್ಥನೆಗೆ ಜ್ಞಾನವು ಅವಶ್ಯಕ. 1784ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದ ಕೆಲವು ಚಿಕ್ಕ ಸಭೆಗಳವರು ಪ್ರತಿ ತಿಂಗಳ ಮೊದಲನೆಯ ಸೋಮವಾರದ ಸಾಯಂಕಾಲ ಕೂಡಿ ಪ್ರಾರ್ಥಿಸತೊಡಗಿದರು. ತಮ್ಮ ಸಭೆಗಳಿಗಾಗಿ ಮಾತ್ರವಲ್ಲ, ಭೂಮಿಯ ಕಟ್ಟಕಡೆಯವರಿಗಾಗಿಯೂ ಅವರು ಬೇಡಿದರು. ಆ ಪ್ರಾಂತದವರೇ ಆದ ವಿಲಿಯಂ ಕೇರಿ ಎಂಬವರು ಚಪ್ಪಲಿ ಹೊಲಿಯುವ ತಮ್ಮ ಕೊಠಡಿಯ ಗೋಡೆಗೆ ಕೈಯಾರೆ ರಚಿಸಿದ ಲೋಕದ ಭೂಪಟವನ್ನು ತೂಗಹಾಕಿ, ಆಯಾ ದೇಶದ ಸಂಗತಿಗಳನ್ನು ಅದರಲ್ಲಿ ಗುರುತುಮಾಡಿಕೊಂಡಿದ್ದರು. 1793ರಲ್ಲಿ ಅವರು ಬಂಗಾಳಕ್ಕೆ ಬಂದರು. 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬವರು ಲಂಡನ್ ಮಿಷನ್ನಿನಿಂದ ನಮ್ಮ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಸತ್ಯವೇದವನ್ನು ಕನ್ನಡಿಸುವ ಕಾರ್ಯದಲ್ಲಿ ತೊಡಗಿದರು. ನಮ್ಮ ಊರುಗಳ ಹೆಸರನ್ನೂ ಕೇಳದಿದ್ದವರು ನಮಗಾಗಿ ಮೊಣಕಾಲೂರಿದ್ದರು. ಆ ಸಾಲವನ್ನು ತೀರಿಸುವ ಬಗೆ ಯಾವುದು? ನಾವೂ ಕಾಣದವರಿಗಾಗಿ ಪ್ರಾರ್ಥಿಸುವುದೇ.

ಸ್ತ್ರೀಯರು ಈ ಕಾರ್ಯದಲ್ಲಿ ಮುಂದಾಳುಗಳಾಗಿರುವುದು ಸಂತೋಷದ ವಿಷಯ. 1887ರಲ್ಲಿ ಅಮೆರಿಕದ ಸ್ತ್ರೀಯರಿಂದ ಆರಂಭವಾದ ಪ್ರಾರ್ಥನಾದಿನವು 1927ರಲ್ಲಿ ಸರ್ವಲೋಕ ಪ್ರಾರ್ಥನಾದಿನವಾಯಿತು. ಮಾರ್ಚ್ ತಿಂಗಳ ಮೊದಲನೆಯ ಶುಕ್ರವಾರ ಅದು ನಡೆಯುವುದು. ಪ್ರತಿವರ್ಷವೂ ಒಂದು ದೇಶದ ಸ್ತ್ರೀಯರು ಪ್ರಾರ್ಥನಾಕ್ರಮವನ್ನು ಬರೆಯುವರು. ಉಳಿದ ದೇಶದವರು ಅದನ್ನು ತಮ್ಮ ತಮ್ಮ ಭಾಷೆಗಳಲ್ಲಿ ನುಡಿಯುವರು. 2024ರಲ್ಲಿ, ಗಾಜಾದಲ್ಲಿ ಯುದ್ಧವು ನಡೆಯುತ್ತಿದ್ದಾಗ, ಪಾಲಸ್ತೀನದ ಸ್ತ್ರೀಯರು ಬರೆದ ಕ್ರಮವನ್ನು ಲೋಕವು ಉಪಯೋಗಿಸಿತು. 2025ರಲ್ಲಿ ಶಾಂತಸಾಗರದ ಕುಕ್ ದ್ವೀಪಗಳ ಸ್ತ್ರೀಯರ ಸರದಿಯು ಬಂದಿತು.

ಆ ವರ್ಷದ ಪ್ರಾರ್ಥನಾದಿನವು ಮಾರ್ಚ್ 7. ಅದರ ಹಿಂದಿನ ರಾತ್ರಿ, ಹಂಪೆಯ ಆಚೆಯ ದಡದ ಸಾಣಾಪುರದ ಬಳಿ, ಕಾಲುವೆಯ ಏರಿಯ ಮೇಲೆ ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರವು ನಡೆಯಿತು. ಒಬ್ಬಾಕೆ ಪರದೇಶದವಳು, ಇನ್ನೊಬ್ಬಾಕೆ ಈ ದೇಶದವಳು. ಅವರೊಡನಿದ್ದ ಪುರುಷರು ನೀರಿಗೆ ತಳ್ಳಲ್ಪಟ್ಟರು, ಒಬ್ಬನು ಪ್ರಾಣಬಿಟ್ಟನು. ಹೆಣ್ಣುಮಕ್ಕಳನ್ನು ಬೆಳೆಸುವ ನಾವು ಇದನ್ನು ಮರೆಯಲಾಗದು. ದ್ವೀಪಾಂತರದ ಸಹೋದರಿಯರನ್ನು ನೆನೆದು, ಕೂಗಳತೆಯಲ್ಲಿ ನೊಂದ ಸಹೋದರಿಯರನ್ನು ನೆನೆಯದಿದ್ದರೆ ಆ ಪ್ರಾರ್ಥನೆಯು ಬಾಯುಪಚಾರವಾದೀತು. ಲೋಕವೆಂಬುದು ಸಮುದ್ರದಾಚೆ ಮಾತ್ರ ಇರುವುದಿಲ್ಲ. ಅಂಥ ಕೃತ್ಯವನ್ನು ಎಸಗುವ ಯುವಕರು ಸಹ ಒಬ್ಬೊಬ್ಬ ತಾಯಿಯ ಮಕ್ಕಳೇ. ಗಂಡುಮಕ್ಕಳನ್ನು ಸಾಕುವ ಮನೆಗಳಿಗಾಗಿಯೂ ಪ್ರಾರ್ಥಿಸಬೇಕಾಗಿದೆ.

ನಮ್ಮ ಸುತ್ತಲ ಭೂಪಟವನ್ನು ಬಿಡಿಸಿ ನೋಡೋಣ. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಣಿ ಕಡಿದು ಕೊಚ್ಚಿಹೋಯಿತು. ಹೊಸಪೇಟೆಯವರೂ ಕಂಪ್ಲಿಯ ಭತ್ತದ ಬೆಳೆಗಾರರೂ ಕಳವಳಪಟ್ಟರು. ಆದರೆ ಆ ನೀರನ್ನೇ ನಂಬಿದವರು ರಾಯಚೂರು, ಕರ್ನೂಲು, ಅನಂತಪುರಗಳಲ್ಲಿಯೂ ಇರುವರು. ಸ್ವಂತ ಗದ್ದೆಗೆ ನೀರು ಬೇಡುವವನು ಕಾಲುವೆಯ ಕೊನೆಯ ರೈತನಿಗೂ ಬೇಡಬೇಕು. ಹಾಗೆ ಬೇಡಿದವನು ಅವನ ಪಾಲಿನ ನೀರನ್ನು ತಿರುಗಿಸಿಕೊಳ್ಳಲು ನಾಚುವನು. ಹರಿಯುವ ನೀರಿನ ಮೇಲೆ ದುಡಿದು, ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದ ಕೆಲಸಗಾರರನ್ನು ಕೃತಜ್ಞತೆಯಿಂದ ನೆನೆಯೋಣ.

ಸಂಡೂರಿನ ಬೆಟ್ಟಗಳನ್ನು ನೋಡಿರಿ. ಮಿತಿಮೀರಿದ ಗಣಿಗಾರಿಕೆಯಿಂದ ಕಾಡು ನವೆಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿದಾಗ ಕೂಲಿಯವರೂ ಲಾರಿಯವರೂ ಅನ್ನಕ್ಕೆ ಕಷ್ಟಪಟ್ಟರು. ಬೆಟ್ಟಕ್ಕಾಗಿ ಪ್ರಾರ್ಥಿಸುವುದೋ, ಕೂಲಿಯವನಿಗಾಗಿಯೋ? ಇಬ್ಬರಿಗಾಗಿಯೂ. ದೇವರನ್ನು ನಮ್ಮ ಪಕ್ಷಕ್ಕೆ ಎಳೆದುಕೊಳ್ಳುವುದು ಪ್ರಾರ್ಥನೆಯಲ್ಲ. ಎರಡು ಪಕ್ಷದವರ ನೋವನ್ನೂ ಆತನ ಮುಂದಿಟ್ಟು ನ್ಯಾಯವನ್ನು ಕೇಳುವುದೇ ಪ್ರಾರ್ಥನೆ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುವುವು. ದೇವರು ಸರ್ವಜ್ಞನಲ್ಲವೆ, ಆತನಿಗೆ ತಿಳಿಸುವುದೇಕೆ ಎಂದು ಕೆಲವರು ಕೇಳುವರು. ಆತನಿಗೆ ತಿಳಿದಿದೆ, ನಮಗೆ ತಿಳಿದಿಲ್ಲ. ದಿನದಿನವೂ ಹೆಸರುಗೊಂಡು ಪ್ರಾರ್ಥಿಸುವವರ ವಿಷಯದಲ್ಲಿ ನಮ್ಮ ಹೃದಯವು ಕಲ್ಲಾಗಿರಲಾರದು, ಕೈ ಕಟ್ಟಿಕೊಂಡಿರಲಾರದು. ಕೆಲಸಕ್ಕೆ ಬದಲಾಗಿ ನಿಲ್ಲುವ ಪ್ರಾರ್ಥನೆಯು ಸೋಮಾರಿತನ. ಕೆಲಸವನ್ನು ಹುಟ್ಟಿಸುವ ಪ್ರಾರ್ಥನೆಯೇ ನಿಜವಾದದ್ದು.

ಎರಡನೆಯದು, ಅನ್ಯಮತದ ಪೋಷಕರ ಮನಸ್ಸಿನಲ್ಲಿ ಏಳಬಹುದಾದದ್ದು. ಲೋಕಕ್ಕಾಗಿ ಪ್ರಾರ್ಥಿಸುವುದೆಂದರೆ ತಮ್ಮ ಮಕ್ಕಳನ್ನು ಮತಾಂತರಕ್ಕೆ ಸೆಳೆಯುವುದೇ? ಅಲ್ಲ. ಸರ್ಕಾರದ ಮನ್ನಣೆ ಅಥವಾ ಸಹಾಯವನ್ನು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಮತೋಪದೇಶಕ್ಕಾಗಲಿ ಪೂಜೆಗಾಗಲಿ ಹಾಜರಾಗಿಸಕೂಡದೆಂದು ನಮ್ಮ ಸಂವಿಧಾನದ 28ನೆಯ ವಿಧಿಯು ಹೇಳುವುದು. ಅದು ಯೋಗ್ಯವಾದ ನಿಯಮ. ಬಲವಂತದ ಪ್ರಾರ್ಥನೆಯು ಪ್ರಾರ್ಥನೆಯೇ ಅಲ್ಲ. ನೆರೆಯವರ ಹಿತವನ್ನು ಅವರ ಮತವನ್ನು ಕೇಳದೆ ಬಯಸುವುದು ಸಭೆಯ ಧರ್ಮ. ನೀವೂ ನಿಮ್ಮ ಮನೆಗಳಲ್ಲಿ ನಿಮ್ಮ ರೀತಿಯಲ್ಲಿ ಲೋಕದ ಹಿತವನ್ನು ಬಯಸಿದರೆ ನಮಗೆ ಆನಂದವೇ.

ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಗೃಹಿಣಿಯರೂ ತಾಯಂದಿರೂ ದಾದಿಯರೂ ಉಪಾಧ್ಯಾಯಿನಿಯರೂ ಆಗಿರುವಿರಿ. ನಿಮ್ಮ ಮನೆಯ ಗೋಡೆಗೊಂದು ಭೂಪಟವನ್ನು ಹಾಕಿರಿ. ಸಂಜೆಯ ಪ್ರಾರ್ಥನೆಗೆ ಮುಂಚೆ ಆ ದಿನದ ಪತ್ರಿಕೆಯಿಂದ ಒಂದು ಊರನ್ನು ಮಕ್ಕಳು ಹುಡುಕಿ ತೋರಿಸಲಿ. ಅಲ್ಲಿಯವರಿಗಾಗಿ ಎರಡು ಮಾತು ಬೇಡಿರಿ. ಬಳಿಕ ನಿಮ್ಮ ಬೀದಿಯಲ್ಲಿ ಸಂಕಟದಲ್ಲಿರುವ ಒಬ್ಬರ ಹೆಸರನ್ನು ಹೇಳಿರಿ. ಮರುದಿನ ಅವರ ಬಾಗಿಲಿಗೆ ಹೋಗಿರಿ. ಲೋಕವನ್ನು ಪ್ರೀತಿಸಿದ ದೇವರು ನಮ್ಮ ಮನೆಗಳ ಚಿಕ್ಕ ಪ್ರಾರ್ಥನೆಗಳನ್ನು ಲೋಕದಷ್ಟು ವಿಶಾಲ ಮಾಡಲಿ.