ತುಂಬಿದ ಜಲಾಶಯ, ಕಿರಿದಾದ ತೂಬು

ಬೀಚನಹಳ್ಳಿಯ ಕಬಿನಿ ಜಲಾಶಯದ ಸಂಗ್ರಹವನ್ನು ಟಿಎಂಸಿಯಲ್ಲಿ ಅಳೆಯುವರು. ನಾಲೆಯ ಹರಿವನ್ನು ಕ್ಯೂಸೆಕ್ಕಿನಲ್ಲಿ. 19.52 ಟಿಎಂಸಿ ನೀರು ತುಂಬಿ ನಿಂತಿದ್ದರೂ ತೂಬು ಕಿರಿದಾದರೆ ಗದ್ದೆಗೆ ಫಲವೇನು? ಸರ್ವರಿನ ಡಿಸ್ಕ್ ಸಮೂಹ ನಿಧಾನವಾದೊಡನೆ ಇನ್ನೂ ದೊಡ್ಡ ಡಿಸ್ಕುಗಳನ್ನು ಕೊಳ್ಳಹೊರಡುವವರು ಈ ಭೇದವನ್ನೇ ಮರೆಯುತ್ತಾರೆ.

ರೇಡ್ 5 ಎಂಬ ವ್ಯವಸ್ಥೆಯಲ್ಲಿ ಸಣ್ಣದೊಂದು ಬರಹಕ್ಕೂ ನಾಲ್ಕು ಕೆಲಸ: ಹಳೆಯ ದತ್ತಾಂಶವನ್ನೂ ಹಳೆಯ ಪ್ಯಾರಿಟಿಯನ್ನೂ ಓದಬೇಕು, ಹೊಸವೆರಡನ್ನೂ ಬರೆಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬರಹಗಳನ್ನು ಕ್ಷಣಕಾಲ ತನ್ನಲ್ಲಿ ಹಿಡಿದಿಟ್ಟು ಈ ವಿಳಂಬವನ್ನು ಮರೆಮಾಡುವುದು ನಿಯಂತ್ರಕದ ಕ್ಯಾಷ್. ಅದರ ಬ್ಯಾಟರಿ ಸತ್ತರೆ ಅನೇಕ ನಿಯಂತ್ರಕಗಳು ಆ ಸೌಕರ್ಯವನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಆದುದರಿಂದ, ಹಣದ ಚೀಲ ಬಿಚ್ಚುವ ಮುನ್ನ ಆ ಬ್ಯಾಟರಿಯನ್ನೂ ಪ್ರತಿಯೊಂದು ಡಿಸ್ಕಿನ ಪ್ರತಿಕ್ರಿಯೆಯ ಕಾಲವನ್ನೂ ಪರೀಕ್ಷಿಸಿರೆಂಬುದೇ ನನ್ನ ವಾದ. ಹೊಸ ಡಿಸ್ಕುಗಳ ಬೆಲೆಯ ಮುಂದೆ ಬ್ಯಾಟರಿಯ ಬೆಲೆ ಎಷ್ಟರದು!